ಜಾಣೆಯ ಪಾಡು

ಸೋದರಿಯರೇ, ಜಾಣ ಹುಡುಗನಿಗೆ ಮನೆಮಂದಿಯೆಲ್ಲಾ ಶಹಭಾಸ್ ಅಂತಾರೆ. ಹುಡುಗಿ ಎರಡು ಪ್ರಶ್ನೆ ಹೆಚ್ಚು ಕೇಳಿದರೆ "ಅಧಿಕಪ್ರಸಂಗಿ"! ನಮ್ಮ ನರಸೀಪುರದಲ್ಲೂ ಇದೇ ಮಾತು. ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇರೋದನ್ನು ಅವಳು ಬೇಗ ಕಲೀತಾಳೆ. ಒಳಗೇ ಉಳಿದ ಬುದ್ಧಿ ನಿದ್ದೆ ಕೆಡಿಸುತ್ತೆ, ಸಿಡುಕು ತರುತ್ತೆ. ಆಗ "ಕೋಪಿಷ್ಠೆ" ಅನ್ನೋ ಹೆಸರು ಬೇರೆ.

ಪಕ್ಕದ ನಂಜನಗೂಡಿನ ತಿರುಮಲಾಂಬ ಅವರನ್ನು ನೆನೆಯಿರಿ. 1887ರಲ್ಲಿ ಹುಟ್ಟಿದವರು. ಎಳೆವಯಸ್ಸಿಗೇ ಮದುವೆ, ಎಳೆವಯಸ್ಸಿಗೇ ವೈಧವ್ಯ. ಓದಿದ್ದು ಬಹುಪಾಲು ಮನೆಯಲ್ಲೇ. ಆದರೂ 1913ರಲ್ಲಿ 'ಸತೀ ಹಿತೈಷಿಣಿ' ಗ್ರಂಥಮಾಲೆ ಆರಂಭಿಸಿದರು, 1917ರಲ್ಲಿ 'ಕರ್ನಾಟಕ ನಂದಿನಿ' ಮಾಸಪತ್ರಿಕೆ ತಂದರು. ಬರೆಯೋದೂ ಅವರೇ, ಪ್ರಕಟಿಸೋದೂ ಅವರೇ. ಆಮೇಲೆ ದಶಕಗಳ ಮೌನ. 1982ರಲ್ಲಿ ತೀರಿಕೊಂಡಾಗ ಹೆಚ್ಚಿನ ಜನಕ್ಕೆ ಅವರ ಹೆಸರೇ ಮರೆತಿತ್ತು.

ಬುದ್ಧಿಯೊಂದೇ ಇದ್ದರೆ ಸಾಲದು, "ಹೇಳಮ್ಮ, ಕೇಳ್ತೀನಿ" ಅನ್ನೋರೂ ಬೇಕು. ಮಗಳೋ ಸೊಸೆಯೋ ಪ್ರಶ್ನೆ ಕೇಳಿದರೆ ಬಾಯಿ ಮುಚ್ಚಿಸಬೇಡಿ. ನೀವೇ ಆ ಜಾಣೆಯಾಗಿದ್ದರೆ, ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ದಿನಕ್ಕೆ ನಾಲ್ಕು ಸಾಲು ಬರೆಯಿರಿ. ಒಬ್ಬ ಗೆಳತಿಗಾದರೂ ಓದಿ ಹೇಳಿ. ಬಚ್ಚಿಟ್ಟ ಬುದ್ಧಿಯಿಂದ ಯಾರ ಸಂಸಾರವೂ ಉದ್ಧಾರವಾಗಿಲ್ಲ. ಏನಂತೀರಿ?