ಹೆಸರು ಅವರದ್ದೇ ಇದ್ದಲ!

ಸಂತೆಗುಳಿಯಿಂದ ಮಾವನ ಫೋನು ಬಂದರೆ ಸಾಧಾರಣವಾಗಿ ಎರಡೇ ವಿಷಯ. ಒಂದು ಚಾಲಿ ಅಡಿಕೆಯ ದರ, ಇನ್ನೊಂದು ಮಂಗನ ಕಾಟ. ಈ ಸಲ ಮೂರನೆಯದೊಂದು ಬಂತು.

ಮಳೆ ಹಿಡಿಯುವ ಮೊದಲು ಕೊಳೆ ಔಷಧಿಗೆ ಮೈಲುತುತ್ತ ತರಿಸಬೇಕಿತ್ತು. ಪೇಟೆಯ ಅಂಗಡಿಗೆ ಹೇಳಿಯೂ ಆಗಿತ್ತು. ರಾತ್ರಿ ಅಂಗಡಿಯಿಂದ ಮೇಲ್: "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಮುಂಗಡವನ್ನು ಈ ಹೊಸ ನಂಬರಿಗೆ ಹಾಕಿ." ಮೂವತ್ತೆಂಟು ಸಾವಿರ ರೂಪಾಯಿ. ಮಾವ ಹಾಕಲು ಕೂತೂ ಬಿಟ್ಟಿದ್ದ, ಅಷ್ಟರಲ್ಲಿ ಎಲ್ಲೋ ಲೈನಿನ ಮೇಲೆ ಮರ ಬಿದ್ದು ಇಂಟರ್ನೆಟ್ ಹೋಯ್ತು. ಮರುದಿನ ಬಸ್ಸು ಹತ್ತಿ ಕುಮಟೆಗೇ ಹೋದರೆ ಅಂಗಡಿಯವರು "ಎಂಥ ಹೊಸ ಖಾತೆ?" ಅಂದರಂತೆ. ಊರಿನ ಹಾಳು ನೆಟ್ಟು ಒಂದು ದಿನವಾದರೂ ಉಪಕಾರಕ್ಕೆ ಬಂತು :-)

"ತಮಾ, ಹೆಸರು ಅವರದ್ದೇ ಇದ್ದಲ, ಮತ್ತೆ ಸುಳ್ಳು ಹ್ಯಾಂಗಾತು?" ಅಂತ ಮಾವನ ಪ್ರಶ್ನೆ. ನೆಂಟರೆಲ್ಲ ಸೇರಿ ಅವನಿಗೇ ಬೈದರು, ನೋಡಿಕೊಳ್ಳಬೇಕಿತ್ತು ಅಂತ. ನಾನು ಮಾತ್ರ ಇದನ್ನು ಒಪ್ಪುವುದಿಲ್ಲ. ಮಾವ ನೋಡಿಯೇ ಇದ್ದ. ವಿಳಾಸದಲ್ಲಿ ಅಂಗಡಿಯ ಡೊಮೇನ್ ಅಕ್ಷರಕ್ಕಕ್ಷರ ಸರಿಯಾಗಿತ್ತು. ಅದಕ್ಕಿಂತ ಹೆಚ್ಚು ಇನ್ನೇನು ನೋಡಬೇಕು ಅವನು?

ಮೇಲ್ ಕಳಿಸುವ ಎಸ್‌ಎಂಟಿಪಿ ಪದ್ಧತಿಯನ್ನು ಜಾನ್ ಪೋಸ್ಟೆಲ್ ಬರೆದಿಟ್ಟದ್ದು 1982ರಲ್ಲಿ. ಕಳಿಸಿದವರು ಯಾರೆಂದು ತಾಳೆ ನೋಡುವ ವ್ಯವಸ್ಥೆಯೇ ಅದರಲ್ಲಿರಲಿಲ್ಲ. ಅಂಚೆ ಕಾಗದದ ಹಾಗೆಯೇ, ಲಕೋಟೆಯ ಮೇಲೊಂದು ಹೆಸರು, ಒಳಗಿನ ಪತ್ರದಲ್ಲೊಂದು ಹೆಸರು, ಎರಡನ್ನೂ ಬರೆಯುವವರ ಇಷ್ಟ. ನಮ್ಮ ಕಣ್ಣಿಗೆ ಕಾಣುವುದು ಒಳಗಿನ ಪತ್ರದ ಹೆಸರು ಮಾತ್ರ.

ಈ ತೂತು ಮುಚ್ಚಲು ಆಮೇಲೆ ಮೂರು ತೇಪೆ ಹಾಕಿದರು. ಎಸ್‌ಪಿಎಫ್ ಅಂದರೆ ನಮ್ಮ ಡೊಮೇನಿನ ಮೇಲ್ ಇಂತಿಂಥ ಸರ್ವರುಗಳಿಂದ ಮಾತ್ರ ಹೊರಡುತ್ತದೆ ಎಂಬ ಪಟ್ಟಿ. ಡಿಕಿಮ್ ಅಂದರೆ ಪತ್ರಕ್ಕೆ ಹಾಕುವ ಅರಗಿನ ಮುದ್ರೆ. ಎಸ್‌ಪಿಎಫ್ ನೋಡುವುದು ಲಕೋಟೆಯನ್ನು. ಮಾವನ ಮೇಲಿನ ಹೆಡರ್ ತೆಗೆಸಿ ನೋಡಿದೆ, ಎಸ್‌ಪಿಎಫ್ ಪಾಸ್! ಕಳ್ಳ ಲಕೋಟೆಯ ಮೇಲೆ ತನ್ನದೇ ಡೊಮೇನ್ ಬರೆದು, ಒಳಗೆ ಅಂಗಡಿಯ ಹೆಸರು ಹಾಕಿದ್ದ. ಇಲ್ಲಿ ಬೇಕಿದ್ದದ್ದು ಮೂರನೆಯ ತೇಪೆ, 2012ರಲ್ಲಿ ಬಂದ ಡಿಮಾರ್ಕ್. ಕಣ್ಣಿಗೆ ಕಾಣುವ ಹೆಸರು ಪಾಸಾದ ಪಟ್ಟಿಗೋ ಮುದ್ರೆಗೋ ತಾಳೆಯಾಗದಿದ್ದರೆ ಮೇಲನ್ನು ಏನು ಮಾಡಬೇಕೆಂದು ಡೊಮೇನಿನ ಯಜಮಾನನೇ ಹೇಳಿಡುವ ಸಾಲು ಅದು. ಅಂಗಡಿಯ ಡೊಮೇನಿನಲ್ಲಿ ಆ ಸಾಲೇ ಇರಲಿಲ್ಲ.

ಸಾಲು ಹಾಕಲು ಕಾಸು ಬೇಡ, ಡೊಮೇನಿನ ಡಿಎನ್‌ಎಸ್‌ನಲ್ಲಿ ಬರೆದರಾಯಿತು. ಆದರೆ ಅಂಗಡಿಯವರಿಗೆ ಹೇಳಿದವರು ಯಾರು? ವೆಬ್‌ಸೈಟು, ಐದು ಮೇಲ್ ಖಾತೆ ಅಂತ ಪ್ಯಾಕೇಜ್ ಮಾರಿದವರು ಹೇಳಲಿಲ್ಲ. ನನ್ನ ಸಿಟ್ಟೆಲ್ಲ ಅವರ ಮೇಲೆ. ಬಾಗಿಲು ಮಾರಿ ಚಿಲಕವನ್ನು ಗಿರಾಕಿಯೇ ಕಂಡುಹಿಡಿದುಕೊಳ್ಳಲಿ ಅಂದರೆ ಹೇಗೆ ಸ್ವಾಮೀ? ಒಂದೇ ಸರ್ವರನ್ನು ಸಾವಿರ ಗಿರಾಕಿಗಳು ಹಂಚಿಕೊಂಡಿರುವಲ್ಲಿ ಗಿರಾಕಿಯೊಬ್ಬನ ಎಚ್ಚರವೂ ಸಾಲದು. ಅನೇಕ ಹೋಸ್ಟಿಂಗ್ ಕಂಪನಿಗಳ ಮೇಲ್ ಸಾಗಿಸುವ ಮೇಲ್‌ಚಾನೆಲ್ಸ್ ಎಂಬ ಸೇವೆಯ ಮೂಲಕ 20 ಲಕ್ಷಕ್ಕೂ ಹೆಚ್ಚು ಡೊಮೇನುಗಳ ಹೆಸರಲ್ಲಿ ಸುಳ್ಳು ಮೇಲ್ ಕಳಿಸಬಹುದೆಂದು 2023ರ ಡೆಫ್‌ಕಾನ್ ಸಮಾವೇಶದಲ್ಲಿ ಸಂಶೋಧಕರೊಬ್ಬರು ತೋರಿಸಿದರು. ಅವೆಲ್ಲ ಎಸ್‌ಪಿಎಫ್ ಪಟ್ಟಿಯಲ್ಲಿ ಆ ಸೇವೆಯನ್ನು ನಂಬಿದ್ದ ಡೊಮೇನುಗಳೇ. ಯಾವ ಗಿರಾಕಿ ಯಾವ ಹೆಸರಲ್ಲಿ ಕಳಿಸಬಹುದು ಅನ್ನುವುದನ್ನು ಸರ್ವರಿನವರೇ ಕಾಯಬೇಕು.

ಬ್ಯಾಂಕುಗಳಿಗಾದರೆ ಹೇಳುವ ಯಜಮಾನರಿದ್ದಾರೆ. ರಿಸರ್ವ್ ಬ್ಯಾಂಕು 2019ರ ಡಿಸೆಂಬರ್ 31ರ ಸುತ್ತೋಲೆಯಲ್ಲಿ ಪಟ್ಟಣ ಸಹಕಾರಿ ಬ್ಯಾಂಕುಗಳಿಗೂ ಸ್ವಂತ ಮೇಲ್ ಡೊಮೇನ್ ಮತ್ತು ಡಿಮಾರ್ಕ್ ಬೇಕೆಂದಿತು. 2025ರ ಅಕ್ಟೋಬರ್ 31ರ ಒಳಗೆ ಬ್ಯಾಂಕುಗಳೆಲ್ಲ ಡಾಟ್ ಬ್ಯಾಂಕ್ ಡಾಟ್ ಇನ್‌ಗೆ ಬರಬೇಕೆಂದೂ ಹೇಳಿತು. ಗೂಗಲ್ಲು, ಯಾಹೂ 2024ರ ಫೆಬ್ರುವರಿಯಿಂದ ರಾಶಿಗಟ್ಟಲೆ ಮೇಲ್ ಕಳಿಸುವವರಿಗೆ ಮೂರನ್ನೂ ಕಡ್ಡಾಯ ಮಾಡಿವೆ. ದಿನಕ್ಕೆ ಹತ್ತು ಮೇಲ್ ಕಳಿಸುವ ಗೊಬ್ಬರದ ಅಂಗಡಿಗೆ ಇದ್ಯಾವುದೂ ತಟ್ಟುವುದಿಲ್ಲ. ಮಾವನ ವ್ಯವಹಾರ ಇರುವುದೋ ಇಂಥಲ್ಲೇ.

ಬ್ಲಾಗಿಗ ಮಿತ್ರರೇ, ಸ್ವಂತ ಡೊಮೇನ್ ಕೊಂಡು ಬ್ಲಾಗಿಗೆ ಜೋಡಿಸಿದವರು ನಮ್ಮಲ್ಲೂ ಇದ್ದೀರಲ್ಲ, ನಿಮ್ಮದನ್ನೊಮ್ಮೆ ನೋಡಿ. "ನಾನು ಆ ಹೆಸರಲ್ಲಿ ಮೇಲೇ ಕಳಿಸುವುದಿಲ್ಲ" ಅನ್ನಬೇಡಿ, ಬೇರೆಯವರು ಕಳಿಸಬಹುದು. ಇದರಿಂದ ಯಾವ ಸರ್ವರಿನಿಂದಲೂ ಮೇಲ್ ಹೊರಡುವುದಿಲ್ಲ ಎಂದು ಎಸ್‌ಪಿಎಫ್‌ನಲ್ಲಿ ಬರೆದು, ಡಿಮಾರ್ಕ್‌ಗೆ ನೇರವಾಗಿ ರಿಜೆಕ್ಟ್ ಅಂತ ಹಾಕಿಬಿಡಿ. ಮೇಲ್ ಕಳಿಸುವವರು ಮಾತ್ರ ಅವಸರ ಮಾಡಬಾರದು. ಮೊದಲು ನನ್ ಅಂತ ಹಾಕಿ ಕೆಲವು ವಾರ ವರದಿ ಓದಿ. ಬಿಲ್ ಕಳಿಸುವ ಸಾಫ್ಟ್‌ವೇರಿನಂಥ ನಮ್ಮದೇ ಮಂದಿ ಪಟ್ಟಿಯಿಂದ ಬಿಟ್ಟುಹೋಗಿರುತ್ತಾರೆ. ಅವರನ್ನು ಸೇರಿಸಿ ಆಮೇಲೆ ಕ್ವಾರಂಟೈನ್, ಕೊನೆಗೆ ರಿಜೆಕ್ಟ್. ತುಂಬ ಜನ ನನ್‌ನಲ್ಲೇ ನಿಂತುಬಿಡುತ್ತಾರೆ. ಅದು ಕಳ್ಳನನ್ನು ಎಣಿಸುತ್ತದೆ, ತಡೆಯುವುದಿಲ್ಲ.

ಒಂದಕ್ಷರ ಬದಲಿಸಿದ ಹೋಲಿಕೆಯ ಡೊಮೇನಿನಿಂದ ಬಂದರೆ ಇದು ಯಾವುದೂ ಉಪಯೋಗವಿಲ್ಲ, ನಿಜ. ಅಲ್ಲಿ ಮಾವನ ಕಣ್ಣಿಗೆ ಕೆಲಸವಿದೆ. ನಿಜವಾದ ಹೆಸರೇ ಇದ್ದರೆ ಅವನ ಕಣ್ಣು ಏನು ಮಾಡೀತು?

ಅಂಗಡಿಯವರಿಗೆ ಫೋನು ಮಾಡಿ ಇದನ್ನೆಲ್ಲ ಹೇಳಿದೆ, ನಾನೇ ಮಾಡಿಕೊಡುತ್ತೇನೆ, ಡೊಮೇನಿನ ಪಾಸ್‌ವರ್ಡು ಇದೆಯಾ ಅಂತ ಕೇಳಿದೆ. ಅದು ವೆಬ್‌ಸೈಟ್ ಮಾಡಿಕೊಟ್ಟ ಹುಡುಗನ ಹತ್ತಿರ ಇದೆಯಂತೆ. ಹುಡುಗ ಈಗ ಬೆಂಗಳೂರಿನಲ್ಲಿದ್ದಾನಂತೆ, ಫೋನ್ ಎತ್ತುವುದಿಲ್ಲವಂತೆ.