ಸದ್ದಿಲ್ಲದ ಬುಲೆಟ್ಟು
ಕಾರ್ಕಳದ ಆನೆಕೆರೆ ಬದಿಯಲ್ಲಿ ನನ್ನ ಬುಲೆಟ್ ಗುಡುಗುಡು ಅಂದರೆ ನೆರೆಮನೆಯ ಅಜ್ಜಿಗೆ ಗಂಟೆ ಏಳಾಯಿತೆಂದು ಗೊತ್ತಾಗುತ್ತದೆ. 2024ರ ನವೆಂಬರಿನಲ್ಲಿ ರಾಯಲ್ ಎನ್‌ಫೀಲ್ಡ್ ಮಿಲಾನ್‌ನಲ್ಲಿ ‘ಫ್ಲೈಯಿಂಗ್ ಫ್ಲೀ’ ಎಂಬ ಎಲೆಕ್ಟ್ರಿಕ್ ಬೈಕ್ ತೋರಿಸಿದಾಗ ಗೆಳೆಯರು ಗೊಣಗಿದರು: ಸದ್ದಿಲ್ಲದ್ದು ಎಂಥ ಬುಲೆಟ್ ಮಾರಾಯ್ರೇ?

ನನ್ನ ತಕರಾರು ಅದಲ್ಲ. ‘ಫ್ಲೈಯಿಂಗ್ ಫ್ಲೀ’ ಎಂಬ ಹೆಸರು ಎರಡನೇ ಮಹಾಯುದ್ಧದಲ್ಲಿ ಪ್ಯಾರಾಚೂಟ್ ಕಟ್ಟಿ ಇಳಿಸುತ್ತಿದ್ದ ಇದೇ ಕಂಪನಿಯ 125 ಸಿಸಿ ಪುಟ್ಟ ಬೈಕಿನದು. ಹಗುರಾದರೆ ಕುಲಗೆಡುವುದಿಲ್ಲ. ಮಣಿಪಾಲದ ಏರಿನಲ್ಲಿ ಸುಮಾರು 195 ಕಿಲೋ ಬುಲೆಟ್ ತಳ್ಳಿದವರಿಗೆ, ನನ್ನ ಮಗಳು ಅದಕ್ಕಿಂತ ಹಗುರಾದ ಹಂಟರ್ ಬೈಕನ್ನು ಏಕೆ ಆರಿಸಿದಳೆಂದು ವಿವರಿಸಬೇಕಿಲ್ಲ. ಬದಲಾಗದೆ ಟೂ ಸ್ಟ್ರೋಕ್ ಯೆಜ್ಡಿ ಬೈಕನ್ನೇ ನಂಬಿ ಕೂತ ಮೈಸೂರಿನ ಐಡಿಯಲ್ ಜಾವಾ 1996ರಲ್ಲಿ ಬಾಗಿಲು ಹಾಕಿದ್ದು ನಮ್ಮ ಪ್ರಾಯದವರಿಗೆ ನೆನಪಿದೆ.

ನನ್ನ ಚಿಂತೆ ಕಾಪುವಿನ ಉಪ್ಪುಗಾಳಿಯದು, ಜೂನ್ ಮಳೆಯದು. ದೀಪಸ್ತಂಭದ ಆಸುಪಾಸಿನ ಗಾಡಿಗಳ ಸೈಲೆನ್ಸರ್ ತುಕ್ಕು ತಿಂದರೆ ಊರಿನ ಮೆಕ್ಯಾನಿಕ್ ವೆಲ್ಡಿಂಗ್ ಮಾಡಿ ಕೊಡುತ್ತಾನೆ. ಬ್ಯಾಟರಿಯ ವಯರಿಗೆ ಹಸಿರು ಹಿಡಿದರೆ? ಉಡುಪಿಯ ಷೋರೂಮಿಗೆ ಟೆಂಪೋದಲ್ಲಿ ಹೇರಬೇಕೇ? ಮೊದಲು ಆ ಮೆಕ್ಯಾನಿಕ್ಕಿಗೆ ಕೆಲಸ ಕಲಿಸಲಿ. ಆಮೇಲೆ ನಾನೂ ಒಂದು ಸುತ್ತು ಓಡಿಸಿ ನೋಡುತ್ತೇನೆ, ಅಜ್ಜಿಗೊಂದು ಅಲಾರಂ ತಂದುಕೊಟ್ಟು.