ಕಾದ ಅಯಸ್ಕಾಂತದ ಕಸುವು

ಕತ್ತಿ ಮಾಡುವ ಕಮ್ಮಾರರಲ್ಲಿ ಒಂದು ಪರೀಕ್ಷೆಯುಂಟು. ಕುಲುಮೆಯಲ್ಲಿ ಕೆಂಪೇರಿದ ಉಕ್ಕಿನ ಬಳಿಗೆ ಅಯಸ್ಕಾಂತವನ್ನು ಹಿಡಿಯುತ್ತಾರೆ. ಅದು ಸೆಳೆಯದಿದ್ದರೆ ಹದಕ್ಕೆ ಬೇಕಾದ ಕಾವು ಸಮೀಪಿಸಿತೆಂದು ತಿಳಿಯುತ್ತಾರೆ. ಕೆಂಡದಂತೆ ಕಾದ ಕಬ್ಬಿಣವನ್ನು ಅಯಸ್ಕಾಂತವು ಲೆಕ್ಕಿಸುವುದಿಲ್ಲವೆಂಬುದನ್ನು ಇಂಗ್ಲೆಂಡಿನ ವಿಲಿಯಂ ಗಿಲ್ಬರ್ಟನು ೧೬೦೦ರಲ್ಲಿಯೇ ಬರೆದಿದ್ದನು. ೧೮೯೫ರಲ್ಲಿ ಪಿಯರ್ ಕ್ಯೂರಿಯು ವಿಷಯವನ್ನು ಅಳತೆಗೆ ತಂದನು. ಕಬ್ಬಿಣಕ್ಕೆ ಆ ಎಲ್ಲೆ ಸುಮಾರು ೭೭೦ ಡಿಗ್ರಿ ಸೆಲ್ಸಿಯಸ್.

ಮಂಡ್ಯ, ಮದ್ದೂರು, ಮಳವಳ್ಳಿಗಳ ಶಾಲಾಬಾಲಕರು ವಿಜ್ಞಾನ ಪ್ರದರ್ಶನಕ್ಕಾಗಿ ಈ ವಿಷಯವನ್ನು ಎತ್ತಿಕೊಂಡರೆ ಕುಲುಮೆಯ ಅವಶ್ಯಕತೆಯಿಲ್ಲ. ಅಡುಗೆಮನೆಯ ಬಿಸಿನೀರು ಸಾಕು. ಕಾದರೆ ಬಲ ಕುಂದುವುದೆಂಬ ಉತ್ತರವಂತೂ ಪುಸ್ತಕದಲ್ಲಿಯೇ ಇದೆ. ಕಣ್ಣಿಗೆ ಕಂಡ ಇಳಿತವು ಶಾಖದ್ದೇ ಹೊರತು ಬೇರೆ ಯಾವುದರದ್ದೂ ಅಲ್ಲವೆಂದು ಖಚಿತಪಡಿಸಿಕೊಳ್ಳುವುದೇ ಕಷ್ಟದ ಕೆಲಸ.

ಸಾಮಾನ್ಯವಾಗಿ ನಡೆಯುವುದೇನು? ಅಯಸ್ಕಾಂತವನ್ನು ಬಿಸಿನೀರಿನಿಂದ ಚಿಮಟದಲ್ಲಿ ಎತ್ತಿ, ಗುಂಡುಸೂಜಿಗಳ ರಾಶಿಗೆ ಅದ್ದಿ, ಅಂಟಿದವನ್ನು ಎಣಿಸುತ್ತಾರೆ. ಎತ್ತಿದ ಕ್ಷಣದಿಂದಲೇ ಅದು ಆರತೊಡಗುತ್ತದೆ. ಸೂಜಿಗಳು ಒಂದು ಸಲ ಗೊಂಚಲಾಗಿ, ಇನ್ನೊಂದು ಸಲ ಬಿಡಿಬಿಡಿಯಾಗಿ ಅಂಟುತ್ತವೆ; ಸಾಲದುದಕ್ಕೆ ಅವೂ ಸ್ವಲ್ಪಮಟ್ಟಿಗೆ ಅಯಸ್ಕಾಂತಗಳಾಗಿಬಿಡುತ್ತವೆ. ಈ ಎಣಿಕೆಯನ್ನು ನಂಬುವುದು ಹೇಗೆ?

ಇದಕ್ಕಿಂತ ಉತ್ತಮವಾದ ಮಾರ್ಗವೊಂದುಂಟು. ತಾಮ್ರದ ಪಾತ್ರೆಯೊಳಗೆ ಅಯಸ್ಕಾಂತವನ್ನು ಅಲುಗದಂತೆ ಪೂರ್ವಪಶ್ಚಿಮವಾಗಿ ನಿಲ್ಲಿಸಬೇಕು. ತಾಮ್ರವೂ ನೀರೂ ಕಾಂತಬಲಕ್ಕೆ ಅಡ್ಡಿಯಾಗವು. ಕಬ್ಬಿಣದ ಪಾತ್ರೆ ಮಾತ್ರ ಕೂಡದು. ಪಾತ್ರೆಯ ಪೂರ್ವಕ್ಕೆ, ಅದೇ ಗೆರೆಯ ಮೇಲೆ ದಿಕ್ಸೂಚಿಯನ್ನಿರಿಸಬೇಕು. ಭೂಮಿಯು ಮುಳ್ಳನ್ನು ಉತ್ತರಕ್ಕೆ ಎಳೆಯುತ್ತದೆ, ಅಯಸ್ಕಾಂತವು ಪಕ್ಕಕ್ಕೆ. ಇವೆರಡರ ಜಗ್ಗಾಟದ ಫಲವೇ ಮುಳ್ಳಿನ ಓರೆ. ಪಾತ್ರೆಗೆ ಮಂಜುಗಡ್ಡೆಯ ನೀರನ್ನು ತುಂಬಿ, ಓರೆಯು ೪೫ ಡಿಗ್ರಿಯಾಗುವಷ್ಟು ದೂರಕ್ಕೆ ದಿಕ್ಸೂಚಿಯನ್ನು ಸರಿಸಿದರೆ ಎರಡು ಬಲಗಳೂ ಸಮನಾದಂತೆ. ಅನಂತರ ಯಾವುದನ್ನೂ ಕದಲಿಸದೆ ಆ ನೀರನ್ನು ತೆಗೆದು, ಹಿರಿಯರ ಕೈಯಿಂದ ಕುದಿನೀರನ್ನು ತುಂಬಿಸಿ, ಅದು ಆರುತ್ತ ಬರುವಾಗ ಉಷ್ಣಮಾಪಕವನ್ನೂ ಮುಳ್ಳನ್ನೂ ಜೊತೆಜೊತೆಯಾಗಿ ಗುರುತಿಸಿಕೊಳ್ಳಬೇಕು. ನಿಧಾನವಾಗಿ ಆರುವ ನೀರಿನಲ್ಲಿ ಅಯಸ್ಕಾಂತದ ಒಡಲೂ ನೀರಿನ ಉಷ್ಣತೆಯಲ್ಲಿಯೇ ಇರುತ್ತದೆ. ಮುಳ್ಳಿನ ಸ್ವಂತ ಬಲ ಹೆಚ್ಚಾದರೂ ಕಡಮೆಯಾದರೂ ಓರೆ ಬದಲಾಗದಿರುವುದು ಈ ವಿಧಾನದ ಸೊಗಸು.

ಇಲ್ಲಿ ಮಂಡ್ಯದ ಮಕ್ಕಳು ಮರೆಯಬಾರದ ಸಂಗತಿಯೊಂದಿದೆ. ಈ ಮೂರು ಊರುಗಳೂ ಸಮುದ್ರಮಟ್ಟದಿಂದ ೬೦೦ ಮೀಟರಿಗೂ ಮೇಲಿರುವುದರಿಂದ ಇಲ್ಲಿ ನೀರು ಕುದಿಯುವುದು ೯೮ ಡಿಗ್ರಿಯ ಆಸುಪಾಸಿನಲ್ಲಿ. ಪಾತ್ರೆಗೆ ಸುರಿಯುವ ಹೊತ್ತಿಗೆ ಅದು ಇನ್ನೂ ಇಳಿದಿರುತ್ತದೆ. ಪಟ್ಟಿಯಲ್ಲಿ ೧೦೦ ಎಂದು ಬರೆದ ವಿದ್ಯಾರ್ಥಿಯು ಉಷ್ಣಮಾಪಕವನ್ನು ನೋಡಿಯೇ ಇಲ್ಲವೆಂದು ಪರೀಕ್ಷಕರು ಧಾರಾಳವಾಗಿ ಹೇಳಬಹುದು.

ಅಗ್ಗದ ಕಪ್ಪು ಫೆರೈಟ್ ಅಯಸ್ಕಾಂತವು ಪ್ರತಿಯೊಂದು ಡಿಗ್ರಿಗೂ ಬಲದ ಶೇಕಡಾ ೦.೨ರಷ್ಟನ್ನು ಕಳೆದುಕೊಳ್ಳುತ್ತದೆ. ೯೦ ಡಿಗ್ರಿಯ ನೀರಿನಲ್ಲಿ ಮುಳ್ಳು ೪೫ರಿಂದ ೩೯ಕ್ಕೋ ೪೦ಕ್ಕೋ ಇಳಿದೀತು, ಅಷ್ಟೆ. ಇಷ್ಟು ಸಣ್ಣ ವ್ಯತ್ಯಾಸವನ್ನು ಕಂಡು ನಿರಾಶರಾಗಿ ಅಂಕಿಗಳನ್ನು ಹಿಗ್ಗಿಸುವ ಚಪಲವು ಹುಟ್ಟುವುದೂ ಇಲ್ಲಿಯೇ. ಹಿಗ್ಗಿಸುವ ಬದಲು ಮೂರು ನಾಲ್ಕು ಸಲ ಅಳೆದು ಸರಾಸರಿ ತೆಗೆಯುವುದು ಲೇಸು.

ಕೊನೆಗೆ ಮತ್ತೆ ಮಂಜುಗಡ್ಡೆಯ ನೀರು. ಮುಳ್ಳು ೪೫ಕ್ಕೆ ಮರಳಿದರೆ ಶಾಖವು ಬಲವನ್ನು ಅಡಗಿಸಿತ್ತೇ ಹೊರತು ಅಳಿಸಿರಲಿಲ್ಲ. ಫೆರೈಟಿನಲ್ಲಿ ಹೀಗಾಗುವುದೇ ಹೆಚ್ಚು. ಹೊಳೆಯುವ ನಿಯೋಡಿಮಿಯಂ ಅಯಸ್ಕಾಂತದ ನಡತೆ ಬೇರೆ. ಅದರ ಸಾಧಾರಣ ಬಗೆಯನ್ನು ೮೦ ಡಿಗ್ರಿಯವರೆಗಿನ ಬಳಕೆಗೆಂದೇ ಮಾಡಿರುವುದರಿಂದ, ಕುದಿನೀರಿನಲ್ಲಿ ಮಿಂದ ತೆಳುಬಿಲ್ಲೆಯು ಬಲದ ಒಂದು ಪಾಲನ್ನು ಶಾಶ್ವತವಾಗಿ ಕಳೆದುಕೊಳ್ಳಬಹುದು. ಎರಡು ಬಗೆಗಳನ್ನೂ ಪರೀಕ್ಷಿಸಿದವರಿಗೆ ಈ ಭೇದ ತಾನೇ ತೋರುತ್ತದೆ.

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ೧೯೦೨ರಲ್ಲಿ ಸುಮಾರು ೧೪೭ ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ಅಂತಹ ದೊಡ್ಡ ಯಂತ್ರಗಳಲ್ಲಿರುವುದು ತಂತಿ ಸುತ್ತಿದ ವಿದ್ಯುತ್ಕಾಂತ. ಕಬ್ಬಿಣವು ೭೭೦ ಡಿಗ್ರಿಯನ್ನು ಮುಟ್ಟುವುದಕ್ಕೆ ಎಷ್ಟೋ ಮುನ್ನವೇ ತಂತಿಯ ಹೊದಿಕೆ ಸುಟ್ಟುಹೋದೀತು. ಆದರೆ ಇಂದು ಮದ್ದೂರಿನ ಬೀದಿಗಳಲ್ಲಿ ಓಡುವ ವಿದ್ಯುತ್ ಸ್ಕೂಟರುಗಳ ಮೋಟಾರಿನಲ್ಲಿ ಸಾಮಾನ್ಯವಾಗಿ ಇರುವುದು ಶಾಶ್ವತ ಅಯಸ್ಕಾಂತ. ಏರು ಹತ್ತುವಾಗ ಅದು ಕಾಯುತ್ತದೆ, ಕಾದು ಬಲಗುಂದಬಾರದು. ಅದಕ್ಕಾಗಿಯೇ ಕಾವಿನಲ್ಲಿ ದುಡಿಯಬೇಕಾದ ನಿಯೋಡಿಮಿಯಂ ಅಯಸ್ಕಾಂತಗಳಿಗೆ ಡಿಸ್ಪ್ರೋಸಿಯಂ ಎಂಬ ವಿರಳ ಧಾತುವನ್ನು ಬೆರೆಸುವುದುಂಟು. ಅದರಿಂದ ತಾಳಿಕೆಯೂ ಹೆಚ್ಚುತ್ತದೆ, ಬೆಲೆಯೂ ಹೆಚ್ಚುತ್ತದೆ.